ಹುಳ ತಿಂದ ಎಲೆಯ ಲೆಕ್ಕ

ಈ ವಾರ ನನ್ನದೇ ಒಂದು ತಪ್ಪಿನ ಲೆಕ್ಕ ನಿಮ್ಮ ಮುಂದೆ ಇಡುತ್ತೇನೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕಾರಕೂನಿಕೆ ಮಾಡಿದವನು ನಾನು. ಸಂಜೆ ನಗದು ಎಣಿಸುವಾಗ ಒಂದು ರೂಪಾಯಿ ಹೆಚ್ಚುಕಡಿಮೆ ಬಂದರೂ ಮನೆಗೆ ಹೋಗುವಂತಿರಲಿಲ್ಲ. ಅಂಥವನು ನಿವೃತ್ತಿಯಾದ ಮೇಲೆ ಮನೆಯ ಅಂಗಳದ ಲೆಕ್ಕವನ್ನು ವರ್ಷಗಟ್ಟಲೆ ತಲೆಕೆಳಗಾಗಿ ಬರೆದೆ. ಅದನ್ನು ತಿದ್ದಿದವರು ಇಬ್ಬರು. ಒಬ್ಬಳು ಬಬಲೇಶ್ವರದಿಂದ ಬಂದ ನನ್ನ ಹೆಂಡತಿ, ಇನ್ನೊಬ್ಬಳು ಆಗ ಮೂರನೆಯ ಇಯತ್ತೆಯಲ್ಲಿದ್ದ ಮೊಮ್ಮಗಳು.

ವಿಜಯಪುರದಲ್ಲಿ ನಮ್ಮ ಮನೆಯ ಮುಂದೆ 12 ಅಡಿ ಅಗಲ, 25 ಅಡಿ ಉದ್ದದ ಅಂಗಳವಿದೆ. ನಿವೃತ್ತಿಯ ಹಣ ಕೈಗೆ ಬಂದಾಗ ನಾನು ಮಾಡಿದ ಮೊದಲ ಕೆಲಸ ಆ ಅಂಗಳಕ್ಕೆ ಗೋಡೆಯಿಂದ ಗೋಡೆಗೆ ಶಹಾಬಾದ್ ಫರಸಿ ಹಾಕಿಸಿದ್ದು. ರಾಡಿ ಇಲ್ಲ, ಕಸ ಇಲ್ಲ, ಮುಂಜಾನೆ ಒಂದು ಕೊಡ ನೀರು ಹೊಡೆದರೆ ಕನ್ನಡಿಯಂತೆ ಥಳಥಳ. ಬಂದವರೆಲ್ಲ ‘ಎಷ್ಟು ಸ್ವಚ್ಛ ಇಟ್ಟೀರಿ’ ಎಂದು ಹೊಗಳಿದರು. ಏಪ್ರಿಲ್ ಬಂದಾಗ ಗೊತ್ತಾಯಿತು. ನಮ್ಮೂರ ಬಿಸಿಲು 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಕಾದ ಫರಸಿ ರಾತ್ರಿ ಹತ್ತಕ್ಕೂ ರೊಟ್ಟಿಯ ಹಂಚಿನಂತೆ ಸುಡುತ್ತಿತ್ತು. ಬಾಗಿಲಲ್ಲಿ ಕೂತು ಗಾಳಿ ತೆಗೆದುಕೊಳ್ಳುವ ಸುಖವೂ ಹೋಯಿತು.

ಒಂದು ದಿನ ಮೊಮ್ಮಗಳು ಪಾಟಿಚೀಲ ಇಳಿಸಿ, ವಹಿ ಹಿಡಿದು ಬಾಗಿಲಲ್ಲಿ ಕೂತಳು. ಮನೆಯ ಅಂಗಳದಲ್ಲಿ ಕಂಡ ಐದು ಹಕ್ಕಿಗಳ ಬಗ್ಗೆ ಬರೆದುಕೊಂಡು ಬರಬೇಕೆಂದು ಶಾಲೆಯಲ್ಲಿ ಹೇಳಿದ್ದರಂತೆ. ಒಂದು ತಾಸು ಕೂತಳು. ಒಂದು ಕಾಗೆ ಕಾಂಪೌಂಡಿನ ಮೇಲೆ ಕೂತು ಹಾರಿಹೋಯಿತು.

“ಮುತ್ಯಾ, ನಮ್ಮ ಅಂಗಳಕ್ಕ ಯಾರೂ ಬರೂದಿಲ್ಲಲ್ಲ, ನಾ ಏನ್ ಬರೀಲಿ?”

ಬ್ಯಾಂಕಿನಲ್ಲಿ ಎರಡು ವರ್ಷ ಗ್ರಾಹಕರು ಯಾವ ವ್ಯವಹಾರವನ್ನೂ ಮಾಡದಿದ್ದರೆ ಆ ಖಾತೆಯನ್ನು ನಿಷ್ಕ್ರಿಯ ಖಾತೆ ಎನ್ನುತ್ತಾರೆ. ಹಣ ಇರುತ್ತದೆ, ಹೆಸರೂ ಇರುತ್ತದೆ, ಆದರೆ ಹೋಗುವುದಿಲ್ಲ, ಬರುವುದಿಲ್ಲ. ನನ್ನ ಅಂಗಳ ಅಂಥ ಖಾತೆಯಾಗಿತ್ತು.

ಆ ಬೇಸಿಗೆಯಲ್ಲೇ ಮುಕ್ಕಾಲು ಪಾಲು ಫರಸಿ ಕೀಳಿಸಿದೆ. ಕೆಳಗೆ ಬರೀ ಗರಸು. ಹಾರೆ ಹಾಕಿದರೆ ಕಿಡಿ ಹಾರುವ ಮಣ್ಣು. ಟಿಕೋಟಾದಲ್ಲಿರುವ ನನ್ನ ತಮ್ಮನ ಹೊಲದಿಂದ ಒಂದು ಟ್ರ್ಯಾಕ್ಟರ್ ಮಣ್ಣು ತರಿಸಿದೆ. ಎರೆಮಣ್ಣಿನ ಗುಣ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂಬ ಮಾತು ಹುಟ್ಟಿದ್ದೇ ಡೋಣಿ ನದಿಯ ದಂಡೆಯ ಆ ಕಪ್ಪು ಮಣ್ಣಿನಿಂದ. ಆದರೆ ಎರೆಯೊಂದನ್ನೇ ಗುಂಡಿಗೆ ತುಂಬಿದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ. ಅದಕ್ಕೆ ಅಗೆದು ತೆಗೆದ ಗರಸನ್ನು ಅರ್ಧ ಕೂಡಿಸಿ, ತಿಪ್ಪೆಗೊಬ್ಬರ ಬೆರೆಸಿ ತುಂಬಿದೆ.

ಇಲ್ಲಿಯವರೆಗೆ ಸರಿಯಿತ್ತು. ಆಮೇಲೆ ನಾನು ಪೇಟೆಗೆ ಹೋಗಿ ಬಣ್ಣಬಣ್ಣದ ಎಲೆಯ ಕ್ರೋಟನ್ನು ಮತ್ತು ಹೆಸರು ಗೊತ್ತಿಲ್ಲದ ನಾಲ್ಕು ಅಲಂಕಾರದ ಗಿಡ ತಂದು ಸಾಲಾಗಿ ನೆಟ್ಟೆ. ಆರು ತಿಂಗಳು ಕಳೆಯಿತು. ಎಲೆಗೆ ಒಂದು ತೂತು ಬೀಳಲಿಲ್ಲ. ನಾನು ಹಿಗ್ಗಿದೆ. ಹಕ್ಕಿಯೂ ಬರಲಿಲ್ಲ.

ಹೆಂಡತಿ ಜೋಳ ಹಸನು ಮಾಡುತ್ತ ಒಂದು ದಿನ ಅಂದಳು: “ನಿಮ್ಮ ಗಿಡಾ ನೋಡ್ಲಿಕ್ಕೆ ಚಂದ ಅದಾವ್ರಿ. ಆದ್ರ ಯಾರಿಗೆ ಉಣ್ಣಾಕ ಹಾಕ್ತಾವ?”

ಬಬಲೇಶ್ವರದ ಅವಳ ತವರುಮನೆಯ ಹಿತ್ತಲು ನನಗೂ ನೆನಪಿದೆ. ಮದುವೆಯಾದ ಹೊಸದರಲ್ಲಿ ಅಲ್ಲಿಗೆ ಹೋದಾಗ ಅದನ್ನು ನೋಡಿ, ಇದೇನು ಇಷ್ಟು ಗಜಿಬಿಜಿ ಎಂದುಕೊಂಡಿದ್ದೆ. ಬಚ್ಚಲ ನೀರು ಹೋಗುವಲ್ಲಿ ಕರಿಬೇವು ಮತ್ತು ಲಿಂಬೆ. ಬೇಲಿಗೆ ಲೆಕ್ಕಿ, ನೆಗಡಿಯಾದರೆ ಎಲೆ ಕುದಿಸಿ ಹಬೆ ತೆಗೆದುಕೊಳ್ಳುವುದಕ್ಕೆ. ಮೂಲೆಗೆ ಬಾರಿಗಿಡ, ಸಂಕ್ರಾಂತಿಯ ಹೊತ್ತಿಗೆ ಚಿಕ್ಕ ಮಕ್ಕಳ ತಲೆಯ ಮೇಲೆ ಸುರಿಯುವ ಹಣ್ಣು ಅದರದ್ದೇ. ನಡುನಡುವೆ ತುಂಬೆ. ಬೇಲಿಯ ಆಚೆ ಯಾರೂ ನೆಡದ ಎಕ್ಕಿ ಮತ್ತು ತಂಗಡಿ. ದಿನವಿಡೀ ಅಲ್ಲಿ ಚಿಲಿಪಿಲಿ. ಅತ್ತೆಯವರು ಯಾವ ಗಿಡವನ್ನೂ ಹಕ್ಕಿಗೆಂದು ಹಚ್ಚಿದವರಲ್ಲ, ಮನೆಗೆಂದು ಹಚ್ಚಿದವರು. ಆದರೆ ಅವು ನಮ್ಮ ನೆಲದ ಗಿಡಗಳಾಗಿದ್ದರಿಂದ ನೆಲದ ಜೀವಗಳಿಗೂ ಪಾಲು ಸಿಗುತ್ತಿತ್ತು.

ಕ್ರೋಟನ್ನುಗಳನ್ನು ಬೇಕೆಂದವರಿಗೆ ಕೊಟ್ಟುಬಿಟ್ಟೆ. ಮಿರಗದ ಮಳೆ ಕೂಡುವ ಹೊತ್ತಿಗೆ ಹೆಂಡತಿ ಹೇಳಿದ ಪಟ್ಟಿಯಂತೆ ನೆಟ್ಟೆವು: ಒಂದು ಲಿಂಬೆ, ಒಂದು ಕರಿಬೇವು, ಗೋಡೆಯ ಮಗ್ಗುಲಲ್ಲಿ ಲೆಕ್ಕಿ, ಗೇಟಿನ ಬಳಿ ತಂಗಡಿ, ಮೂಲೆಗೆ ಬಾರಿ. ತುಂಬೆಯ ಬೀಜವನ್ನು ಹಾಗೇ ಎರಚಿದೆವು. ಎಕ್ಕಿ ತಾನಾಗಿಯೇ ಕಾಂಪೌಂಡಿನ ಬುಡದಲ್ಲಿ ಹುಟ್ಟಿತು, ಕೀಳಲಿಲ್ಲ.

ಎರಡು ವರ್ಷದಲ್ಲಿ ಲೆಕ್ಕಿ ನನ್ನ ತಲೆ ಮೀರಿ ಬೆಳೆಯಿತು. ಒಂದು ಮುಂಜಾನೆ ಮೊಮ್ಮಗಳು ಬೆರಳು ತುಟಿಗಿಟ್ಟುಕೊಂಡು ನನ್ನನ್ನು ಕರೆದೊಯ್ದಳು. ಲೆಕ್ಕಿಯ ಕವಲಿನಲ್ಲಿ ಬಟ್ಟಲಿನಂಥ ಗೂಡು. ಬುಲ್‌ಬುಲ್ ಹಕ್ಕಿಯದು. ಪುಸ್ತಕದಲ್ಲಿ ಇದನ್ನು ಪಿಕಳಾರ ಎನ್ನುತ್ತಾರೆ. ತಲೆಯ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಮೂರು ತತ್ತಿ, ಆಮೇಲೆ ಮೂರು ಮರಿ. ತಾಯಿ, ತಂದೆ ಎರಡೂ ಹಕ್ಕಿಗಳು ಹತ್ತು ಹತ್ತು ನಿಮಿಷಕ್ಕೆ ಕೊಕ್ಕಿನಲ್ಲಿ ಏನಾದರೂ ಹಿಡಿದು ಬರುತ್ತಿದ್ದವು. ಶಾಲೆಗೆ ಹೋಗುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ಹುಡುಗಿಯ ಹಾಜರಿ ಅಲ್ಲಿ ತಪ್ಪುತ್ತಿರಲಿಲ್ಲ.

ಆ ವಾರವೇ ನನ್ನ ಲಿಂಬೆಗಿಡಕ್ಕೆ ಹುಳ ಬಿದ್ದವು. ಚಿಗುರೆಲ್ಲ ತಿಂದು ಬರೀ ಕಡ್ಡಿ ಉಳಿದಿತ್ತು. ಇಂಡಿ ಲಿಂಬೆಯ ಜಿಲ್ಲೆಯವನಾಗಿ ನನ್ನ ಅಂಗಳದ ಒಂದೇ ಒಂದು ಲಿಂಬೆ ಬೋಳಾಗುವುದನ್ನು ಹೇಗೆ ನೋಡಲಿ? ಟಿಕೋಟಾದಲ್ಲಿ ತಮ್ಮನ ಮಗನ ದ್ರಾಕ್ಷಿ ಪಡ ಇದೆ. ದ್ರಾಕ್ಷಿಗೆ ಔಷಧ ಹೊಡೆಯದೆ ಬೆಳೆ ಮನೆಗೆ ಬರುವುದಿಲ್ಲ, ಆ ರೈತರ ಕಷ್ಟ ಬೇರೆ. ಅವನ ಹತ್ತಿರ ಒಂದು ಸಣ್ಣ ಸೀಸೆ ಎಣ್ಣೆ ಕೇಳಿ ತಂದೆ. “ಕಾಕಾ, ಒಂದ್ ಗಿಡಕ್ಕ ಇದು ಯಾಕ ಬೇಕ್ರಿ? ಹುಳಾ ಕೈಯಿಂದ ತಗೀರಲ್ಲ” ಎಂದು ಅವನು ಹೇಳಿದ್ದ. ನಾನು ಕೇಳಲಿಲ್ಲ. ಸಂಜೆ ಮೊಮ್ಮಗಳು ಟ್ಯೂಷನ್ನಿಗೆ ಹೋದಾಗ ಲಿಂಬೆಗೆ ಹೊಡೆದೆ. ಹೊಡೆಯುವಾಗ ಲೆಕ್ಕಿಯ ಕಡೆ ಹನಿ ಸಿಡಿಯದಿರಲೆಂದು ಹಳೆಯ ಧೋತರವನ್ನು ಪರದೆಯಂತೆ ಕಟ್ಟಿದ್ದೆ. ಗೂಡಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ನಾನು ಎಷ್ಟು ಜಾಣ ಎಂದುಕೊಂಡೆ.

ಮರುದಿನ ಲಿಂಬೆಯ ಕೆಳಗೆ ಹುಳಗಳು ಉದುರಿದ್ದವು. ಬುಲ್‌ಬುಲ್ ಜೋಡಿ ಅವನ್ನು ಹೆಕ್ಕುವುದನ್ನು ನೋಡಿ, ಅವಕ್ಕೂ ಕೆಲಸ ಹಗುರವಾಯಿತು ಎಂದು ನಾನು ನಕ್ಕಿದ್ದೂ ಉಂಟು. ಮೂರನೆಯ ದಿನ ಗೂಡಿನಲ್ಲಿ ಎರಡು ಮರಿ ಸತ್ತಿದ್ದವು. ಮರುದಿನ ಮೂರನೆಯದೂ ಹೋಯಿತು. ತಿಂದ ಹುಳದಲ್ಲಿದ್ದ ವಿಷವೋ, ಆಮೇಲೆ ಹುಳ ಸಿಗದ ಹಸಿವೋ, ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ಚೀಟಿಯ ಮೇಲಿನ ಸಹಿ ನನ್ನದೇ.

ಮೊಮ್ಮಗಳು ನನ್ನನ್ನು ಬೈಯಲಿಲ್ಲ. ಬಾರಿಗಿಡದ ಬುಡದಲ್ಲಿ ಅಜ್ಜಿಯ ಜೊತೆ ಒಂದು ಸಣ್ಣ ಕುಣಿ ತೋಡಿದಳು. ರಾತ್ರಿ ಊಟಕ್ಕೆ ಕೂತಾಗ ಮಾತ್ರ ಕೇಳಿದಳು: “ಮುತ್ಯಾ, ನೀ ಹುಳಾ ಕೊಂದ್ರ ಅವು ಮರಿಗೆ ಏನ್ ತಂದ್ಕೊಡಬೇಕು?” ನನ್ನ ಹತ್ತಿರ ಉತ್ತರವಿರಲಿಲ್ಲ. ತಟ್ಟೆಯ ಮುಂದೆ ಹಾಗೇ ಕೂತೆ.

ಆಮೇಲೆ ಓದಲು ಶುರು ಮಾಡಿದೆ. ಬಿ.ಕಾಂ. ಓದಿದವನಿಗೆ ಹುಳದ ವಿಷಯ ಹೊಸದು. ತಿಳಿದಷ್ಟನ್ನು ಹೇಳುತ್ತೇನೆ.

ಹಕ್ಕಿ ಎಂದರೆ ಕಾಳು ತಿನ್ನುವುದು, ಹಣ್ಣು ತಿನ್ನುವುದು ಎಂದು ನಾವು ತಿಳಿದಿದ್ದೇವೆ. ದೊಡ್ಡ ಗುಬ್ಬಿ ಕಾಳು ತಿನ್ನುತ್ತದೆ ನಿಜ. ಆದರೆ ಅದರ ಎಳೆಯ ಮರಿಗೆ ಜೋಳದ ಕಾಳು ಜೀರ್ಣವಾಗದು. ತಾಯಿಗುಬ್ಬಿ ಅದಕ್ಕೆ ಮೆತ್ತನೆಯ ಹುಳ ತಂದುಕೊಡುತ್ತದೆ. ಬುಲ್‌ಬುಲ್ ಹಣ್ಣು ಪ್ರಿಯ, ಆದರೂ ಮರಿಗೆ ಹುಳ ಬೇಕು. ಅಮೆರಿಕದಲ್ಲಿ ಡಗ್ಲಸ್ ಟಾಲಮಿ ಎಂಬ ಕೀಟವಿಜ್ಞಾನಿ ಇದ್ದಾರೆ. ಮನೆಯಂಗಳದಲ್ಲಿ ಆಯಾ ನೆಲದ ಗಿಡ ಯಾಕೆ ಬೇಕೆಂದು 2007ರಲ್ಲಿ ಪುಸ್ತಕ ಬರೆದವರು. ಅಲ್ಲಿ ಚಿಕಡೀ ಎಂಬ ಹಕ್ಕಿಯಿದೆ, ನಮ್ಮ ಗುಬ್ಬಿಗಿಂತ ಚಿಕ್ಕದು. ಒಂದು ಗೂಡಿನ ಮರಿಗಳು ರೆಕ್ಕೆ ಬಲಿತು ಹೊರಬೀಳುವಷ್ಟರಲ್ಲಿ ತಂದೆತಾಯಿ ಹಕ್ಕಿಗಳು 6,000ದಿಂದ 9,000 ಹುಳ ತರಬೇಕಾಗುತ್ತದೆ ಎಂದು ಅವರು ಲೆಕ್ಕ ಕೊಟ್ಟಿದ್ದಾರೆ. ಮರಿಗಳು ಗೂಡಿನಲ್ಲಿರುವುದು ಸುಮಾರು 16 ದಿನ. ಮಕ್ಕಳೇ, ಭಾಗಿಸಿ ನೋಡಿ. ದಿನಕ್ಕೆ ಕನಿಷ್ಠ 375 ಹುಳ!

ಹಾಗಾದರೆ ಕ್ರೋಟನ್ನಿಗೆ ಯಾಕೆ ಹುಳ ಬೀಳಲಿಲ್ಲ? ಎಲೆ ತಿನ್ನುವ ಹುಳಗಳಲ್ಲಿ ಬಹಳಷ್ಟು ಎಲ್ಲ ಎಲೆಗಳನ್ನೂ ತಿನ್ನುವುದಿಲ್ಲ. ಪ್ರತಿ ಗಿಡ ತನ್ನ ಎಲೆಯಲ್ಲಿ ಒಂದು ಬಗೆಯ ಕಹಿಯನ್ನೋ ವಿಷವನ್ನೋ ಇಟ್ಟುಕೊಂಡಿರುತ್ತದೆ. ಸಾವಿರಾರು ವರ್ಷ ಆ ಗಿಡದ ಜೊತೆಗೇ ಬಾಳಿದ ಹುಳಕ್ಕೆ ಮಾತ್ರ ಅದು ಪಚನವಾಗುತ್ತದೆ. ಲಿಂಬೆಚಿಟ್ಟೆಯ ಹುಳಕ್ಕೆ ಲಿಂಬೆ, ಕರಿಬೇವಿನ ಬಳಗದ ಎಲೆಯೇ ಆಗಬೇಕು. ಅದು ಚಿಕ್ಕದಿದ್ದಾಗ ಥೇಟ್ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಯಾರೂ ಮುಟ್ಟದಿರಲೆಂದು. ದೊಡ್ಡದಾದ ಮೇಲೆ ಹಸಿರು. ಕಡ್ಡಿಯಿಂದ ಮೆಲ್ಲಗೆ ತಾಗಿಸಿದರೆ ತಲೆಯ ಹಿಂದಿನಿಂದ ಕೆಂಪು ಕೋಡು ತೆಗೆದು ವಾಸನೆ ಬಿಡುತ್ತದೆ.

ಎಕ್ಕಿಯ ಕತೆ ಇನ್ನೂ ಸ್ವಾರಸ್ಯ. ಅದರ ಹಾಲು ವಿಷ. ಮಕ್ಕಳೇ, ಮುಟ್ಟಬೇಡಿ, ಕಣ್ಣಿಗೆ ತಾಗಿದರಂತೂ ಬಹಳ ಅಪಾಯ. ಆದರೆ ಕಿತ್ತಳೆ ಬಣ್ಣದ ರೆಕ್ಕೆಯ, ಕಪ್ಪು ಅಂಚಿನ ಒಂದು ಚಿಟ್ಟೆ ಅದರ ಮೇಲೆಯೇ ತತ್ತಿ ಇಡುತ್ತದೆ. ಅದರ ಹುಳ ಆ ವಿಷವನ್ನು ತಿಂದು ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಒಮ್ಮೆ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ತಂಗಡಿಯ ಜಾತಿಯ ಗಿಡಗಳ ಮೇಲೆ ಸಣ್ಣ ಹಳದಿ ಚಿಟ್ಟೆಗಳು ತತ್ತಿ ಇಡುತ್ತವೆ. ಹೀಗೆ ಒಂದೊಂದು ಗಿಡಕ್ಕೂ ಒಂದೊಂದು ಖಾತೆ.

ಇದನ್ನೆಲ್ಲ ಹೇಳಿದಾಗ ಮೊಮ್ಮಗಳು ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. “ಯೋಗಾಪುರದ ದರ್ಗಾದಾಗಿನ ದೊಡ್ಡಹುಣಸಿ ಮರ ನೂರಾರು ವರ್ಷದ್ದು ಅಂತಾರಲ್ಲ, ಅದು ನಮ್ಮದ ಅಲ್ಲೇನು?” ಹಳೆಯದು ಬೇರೆ, ಈ ನೆಲದ್ದು ಬೇರೆ. ದೊಡ್ಡಹುಣಸೆಯ ಮೂಲ ಆಫ್ರಿಕಾ. ನಾವು ದಿನಾ ಸಾರಿಗೆ ಹಾಕುವ ಹುಣಸೆಯೂ ಬಲು ಹಿಂದೆ ಅಲ್ಲಿಂದಲೇ ಬಂದದ್ದು. ರಸ್ತೆಬದಿಯ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಎಲ್ಲೆಂದರಲ್ಲಿ ಹಬ್ಬಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದ್ದು. ಬಂದವರನ್ನೆಲ್ಲ ಕಡಿಯಬೇಕೆಂದು ನಾನು ಹೇಳುವುದಿಲ್ಲ, ದೊಡ್ಡಹುಣಸೆಯನ್ನಂತೂ ಕೈಮುಗಿದು ಉಳಿಸಿಕೊಳ್ಳಬೇಕು. ಹೊಸದಾಗಿ ಹಚ್ಚುವಾಗ ಮಾತ್ರ ಮೊದಲು ಮನೆಯವರಿಗೆ ಬಡಿಸೋಣ.

ನಮ್ಮ ಜಿಲ್ಲೆಗೆ ಈ ಮಾತು ಹೆಚ್ಚು ಸಲ್ಲುತ್ತದೆ. ಇಲ್ಲಿ ಅರಣ್ಯ ಎಂಬುದು ನೂರಕ್ಕೆ ಒಂದು ಪಾಲೂ ಇರಲಿಲ್ಲ. 2016ರಲ್ಲಿ, ಬಬಲೇಶ್ವರದ ಶಾಸಕರೂ ಆಗ ಜಲಸಂಪನ್ಮೂಲ ಸಚಿವರೂ ಆಗಿದ್ದ ಎಂ. ಬಿ. ಪಾಟೀಲರ ಮುಂದಾಳತ್ವದಲ್ಲಿ ಕೋಟಿ ವೃಕ್ಷ ಅಭಿಯಾನ ಆರಂಭವಾಯಿತು. ಜಿಲ್ಲೆಯಲ್ಲಿ ಒಂದು ಕೋಟಿ ಸಸಿ ಹಚ್ಚುವ ಗುರಿ. ಮೊಹಮ್ಮದ್ ಆದಿಲ್‌ಶಹಾನ ಕಾಲದ ಮಮದಾಪುರದ ಕೆರೆಯಂಥ ಎಷ್ಟೋ ಕೆರೆಗಳಿಗೆ ಏತ ನೀರಾವರಿಯಿಂದ ಕೃಷ್ಣೆಯ ನೀರೂ ಬಂತು. ಊರ ಹೊರಗೆ ಹಸಿರು ಕಾಣತೊಡಗಿದೆ. ಆದರೆ ಕೆರೆದಂಡೆಯ ಮರದಿಂದ ಹೊರಟ ಚಿಟ್ಟೆಗೆ, ಗುಬ್ಬಿಗೆ ಊರೊಳಗೆ ಇಳಿಯಲು ಜಾಗ ಬೇಕಲ್ಲ? ಆ ಜಾಗ ಸರಕಾರ ಕೊಡುವಂಥದ್ದಲ್ಲ. ಅದು ನಮ್ಮ ನಿಮ್ಮ ಫರಸಿಯ ಕೆಳಗಿದೆ.

ನೀರಿನ ಚಿಂತೆ ಮಾಡುವವರಿಗೆ ಒಂದು ಲೆಕ್ಕ. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ನನ್ನ ಅಂಗಳ 300 ಚದರ ಅಡಿ. ಅಂದರೆ ವರ್ಷಕ್ಕೆ ಸುಮಾರು 16,700 ಲೀಟರ್ ನೀರು ಆ ಅಂಗಳದ ಮೇಲೆ ಬೀಳುತ್ತದೆ. ಅದೆಲ್ಲ ಮೊದಲು ಫರಸಿಯ ಮೇಲಿಂದ ಗಟಾರಕ್ಕೆ ಹೋಗುತ್ತಿತ್ತು. ಈಗ ಬಹುಪಾಲು ಅಲ್ಲೇ ಇಂಗುತ್ತದೆ. ಗಿಡಗಳಿಗೆ ಮೊದಲ ಎರಡು ಬೇಸಿಗೆ ನೀರು ಹಾಕಿದ್ದು ನಿಜ. ಅದೂ ಅಕ್ಕಿ, ಕಾಯಿಪಲ್ಲೆ ತೊಳೆದ ನೀರೇ ಹೆಚ್ಚು. ಈಗ ಲಿಂಬೆ, ಕರಿಬೇವು ಬಿಟ್ಟು ಉಳಿದವು ನನ್ನನ್ನು ಕೇಳುವುದಿಲ್ಲ.

ಸೊಸೆಗೆ ಎರಡು ಭಯ ಇದ್ದವು, ಹಾವು ಮತ್ತು ಸೊಳ್ಳೆ. ಭಯಪಟ್ಟದ್ದು ತಪ್ಪಲ್ಲ. ಹಾವು ಬರುವುದು ಗಿಡಕ್ಕಲ್ಲ, ಹೆಚ್ಚಾಗಿ ಇಲಿಗೆ. ಕಾಳು ಚೆಲ್ಲದಂತೆ, ಬಾಗಿಲ ಬಳಿ ಕಟ್ಟಿಗೆ, ಇಟ್ಟಂಗಿ ಒಟ್ಟದಂತೆ ನೋಡಿಕೊಂಡಿದ್ದೇವೆ. ಓಡಾಡುವ ದಾರಿಯಲ್ಲಿ ಫರಸಿ ಉಳಿಸಿದ್ದೇವೆ, ರಾತ್ರಿ ಅಲ್ಲಿ ದೀಪ ಇರುತ್ತದೆ. ಇನ್ನು ಹಕ್ಕಿಗಳಿಗೆ ಇಟ್ಟ ಮಣ್ಣಿನ ತಾಟಿನ ನೀರನ್ನು ಪ್ರತಿದಿನ ಚೆಲ್ಲಿ, ತಿಕ್ಕಿ, ಹೊಸದು ಹಾಕುತ್ತೇವೆ. ಸೊಳ್ಳೆಯ ಮರಿ ನೀರಿನಲ್ಲಿ ಬೆಳೆದು ರೆಕ್ಕೆ ಪಡೆಯಲು ವಾರದ ಹತ್ತಿರ ಬೇಕು. ಅಷ್ಟು ದಿನ ನೀರು ನಿಲ್ಲದಿದ್ದರಾಯಿತು. ತಾಟು ಆಳ ಇರಬಾರದು, ನಡುವೆ ಒಂದು ಕಲ್ಲಿಡಬೇಕು. ಜೇನುಹುಳ ಅದರ ಮೇಲೆ ಕೂತು ಕುಡಿಯುತ್ತದೆ.

ಒಂದು ಮೂಲೆಯನ್ನು ಗುಡಿಸುವುದಿಲ್ಲ. ಒಣಗಿದ ಎಲೆಯ ಕೆಳಗೆ ಹುಳಹುಪ್ಪಟೆ ಇರುತ್ತವೆ, ಅವನ್ನು ಹುಡುಕಿಕೊಂಡು ಓತಿಕ್ಯಾತ ಬರುತ್ತದೆ. ಇನ್ನೊಂದು ಮೂಲೆಯಲ್ಲಿ ಬರೀ ಮಣ್ಣು, ಗುಬ್ಬಿಗಳ ಧೂಳಿನ ಸ್ನಾನಕ್ಕೆ. ಔಷಧ ಹೊಡೆಯುವ ಪಂಪನ್ನು ಮನೆಯಿಂದ ಹೊರಗೆ ಹಾಕಿದ್ದೇನೆ. ಲಿಂಬೆಯ ಚಿಗುರು ಪ್ರತಿ ಮಳೆಗಾಲ ಹುಳಕ್ಕೆ ಹೋಗುತ್ತದೆ, ಮತ್ತೆ ಚಿಗುರುತ್ತದೆ. ಹೋದ ವರ್ಷ ಉಪ್ಪಿನಕಾಯಿಗೆ ಸಾಕಾಗಿ, ಪಕ್ಕದ ಮನೆಗೂ ಒಂದು ಬುಟ್ಟಿ ಕೊಟ್ಟೆವು.

ಮೊಮ್ಮಗಳು ಈಗ ಎಂಟನೆಯ ಇಯತ್ತೆ. ನನ್ನ ಹಳೆಯ ರಿಜಿಸ್ಟರಿನಲ್ಲಿ ಗೆರೆ ಹೊಡೆದು ಇಬ್ಬರೂ ಅಂಗಳದ ಲೆಕ್ಕ ಬರೆಯುತ್ತೇವೆ. ಎಡಕ್ಕೆ ತಾರೀಖು, ನಡುವೆ ಬಂದವರು, ಬಲಕ್ಕೆ ಏನು ತಿಂದರು. ಗುಬ್ಬಿ, ಬೆಳವ, ಸೂರಕ್ಕಿ, ಎಲೆ ಹೊಲಿದು ಗೂಡು ಕಟ್ಟುವ ಸಿಂಪಿಗ, ಒಂದು ಅಳಿಲು, ಏಳೆಂಟು ಬಗೆಯ ಚಿಟ್ಟೆ. ಬುಲ್‌ಬುಲ್ ಮರುವರ್ಷ ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ. ಆ ಅಂಕಣದಲ್ಲಿ ಅವಳು ಸೊನ್ನೆ ಹಾಕುತ್ತಿದ್ದಳು, ನಾನು ಸುಮ್ಮನೆ ನೋಡುತ್ತಿದ್ದೆ. ಈ ಸಲ ಮೇ ಕೊನೆಯಲ್ಲಿ ಒಂದು ಜೋಡಿ ಬಂದು ಅದೇ ಲೆಕ್ಕಿಯಲ್ಲಿ ಕಡ್ಡಿ ಒಟ್ಟಿತು. ಹೋದ ಸೋಮವಾರ ಎರಡು ಮರಿ ಗೂಡು ಬಿಟ್ಟು ಕಾಂಪೌಂಡಿನವರೆಗೆ ಹಾರಿದವು. ಮೊಮ್ಮಗಳು ಶಾಲೆಯಲ್ಲಿದ್ದಳು. ನಾನೇ ರಿಜಿಸ್ಟರಿನಲ್ಲಿ ಬರೆದು, ಅವಳ ಸಹಿಗೆ ಜಾಗ ಬಿಟ್ಟೆ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಅಜ್ಜ ಅಜ್ಜಿಯರನ್ನು ಕೂಡಿಸಿಕೊಂಡು, ಅವರ ಬಾಲ್ಯದ ಹಿತ್ತಲಲ್ಲಿದ್ದ ಐದು ಗಿಡಗಳ ಹೆಸರು ಬರೆದುಕೊಳ್ಳಿ. ಅವುಗಳಲ್ಲಿ ನಿಮ್ಮ ಅಂಗಳದಲ್ಲೋ ಓಣಿಯಲ್ಲೋ ಈಗ ಎಷ್ಟಿವೆ ಎಂದು ಹುಡುಕಿ. ಸಿಕ್ಕ ಗಿಡದಲ್ಲಿ ಹುಳ ತಿಂದ ಎಲೆ ಎಷ್ಟು, ಎಣಿಸಿ. ಅಂಗಳವಿಲ್ಲದವರು ಗ್ಯಾಲರಿಯಲ್ಲಿ ಒಂದು ಕುಂಡ ಕರಿಬೇವು ಇಟ್ಟರೂ ನಡೆಯುತ್ತದೆ. ಮಿರಗ ಬಂದಿದೆ, ನೆಲ ಹಸಿಯಾಗಿದೆ. ಎಣಿಸಿದ್ದನ್ನು ಬರೆದು ಕಳಿಸಿ. ತಾಳೆ ನೋಡಲು ಈ ಕಾರಕೂನ ಕಾದಿರುತ್ತಾನೆ.